ಎಲ್ಲರೂ ಬಂದರು, ನಾಯಿಯೂ ಬಂತು

ಈಗಿನ ಇಂಗ್ಲಿಷ್ ಬರಹಗಳಲ್ಲಿ ಆಗಾಗ ಕಣ್ಣಿಗೆ ಬೀಳುವ ಮಾತೊಂದಿದೆ: ‘ಎವ್ರಿಒನ್ ಆಂಡ್ ದೇರ್ ಡಾಗ್’ ಪಾಡ್‌ಕಾಸ್ಟ್ ನಡೆಸುತ್ತಿದ್ದಾರೆ. ಎಲ್ಲರೂ ನಡೆಸುತ್ತಿದ್ದಾರೆ, ಜೊತೆಗೆ ಅವರ ನಾಯಿಯೂ. ಎಲ್ಲರೂ ಎಂದಮೇಲೆ ಲೆಕ್ಕ ಮುಗಿಯಿತಲ್ಲ, ಅಲ್ಲಿ ನಾಯಿಗೇನು ಕೆಲಸ? ಅಮೆರಿಕದವರು ನಾಯಿಯ ಜಾಗಕ್ಕೆ ಸೋದರನನ್ನು ತಂದು ‘ಎವ್ರಿಒನ್ ಆಂಡ್ ಹಿಸ್ ಬ್ರದರ್’ ಎನ್ನುತ್ತಾರೆ. ಕೆಲವರು ತಾಯಿಯನ್ನು ಕರೆತರುತ್ತಾರೆ, ಇನ್ನು ಕೆಲವರು ಅಜ್ಜಿಯನ್ನೂ ಬಿಡುವುದಿಲ್ಲ. ಆಸ್ಟ್ರೇಲಿಯಾದಲ್ಲಿ ‘ಎವ್ರಿ ಮ್ಯಾನ್ ಆಂಡ್ ಹಿಸ್ ಡಾಗ್’. ಬ್ರಿಟನ್ನಿನ ಹಳಬರ ಬಾಯಲ್ಲಿ ‘ದ ವರ್ಲ್ಡ್ ಆಂಡ್ ಹಿಸ್ ವೈಫ್’, ಅಂದರೆ ಜಗತ್ತು ಮತ್ತು ಅವನ ಹೆಂಡತಿ. ಇವೆಲ್ಲವುಗಳ ಅರ್ಥ ಹೆಚ್ಚುಕಡಿಮೆ ಒಂದೇ. ಆ ಅರ್ಥವೂ ‘ಹೆಚ್ಚುಕಡಿಮೆ ಎಲ್ಲರೂ’ ಎಂಬುದೇ.

ಗಾಳಿಪಟದ ಬಾಲಂಗೋಚಿಯಂತೆ ಹಿಂದೆ ಜೋತುಬಿದ್ದಿರುವ ಈ ನಾಯಿ, ಹೆಂಡತಿ, ತಮ್ಮಂದಿರನ್ನು ಬರಿಯ ತಮಾಷೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಇಡೀ ಮಾತಿನ ಕೆಲಸ ನಡೆಯುವುದೇ ಆ ಬಾಲದಲ್ಲಿ. ಅದು ಹೇಗೆ ಎಂದು ತಿಳಿಯಲು ಮೊದಲು ‘ಎಲ್ಲರೂ’ ಎಂಬ ಪದದ ಗುಟ್ಟನ್ನು ನೋಡಬೇಕು.

ಮನೆಯ ಯಜಮಾನಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, “ಎಲ್ಲರದೂ ಊಟ ಆಯಿತೇ?” ಎಂದು ಕೇಳಿದರೆ ಪಕ್ಕದ ಬೀದಿಯವರ ಊಟದ ಬಗ್ಗೆ ಯಾರೂ ಯೋಚಿಸುವುದಿಲ್ಲ. “ಎಲ್ಲರೂ ಸಹಿ ಹಾಕಿದ್ದಾರೆ” ಎಂದು ಗುಮಾಸ್ತ ಹೇಳಿದರೆ ಆ ಕಡತಕ್ಕೆ ಸಂಬಂಧಪಟ್ಟ ನಾಲ್ಕೈದು ಮಂದಿ ಎಂದಷ್ಟೇ ಅರ್ಥ. ನಿತ್ಯದ ಮಾತಿನಲ್ಲಿ ‘ಎಲ್ಲರೂ’ ಎಂಬುದರ ಸುತ್ತ ಯಾವಾಗಲೂ ಒಂದು ಬೇಲಿ ಇರುತ್ತದೆ. ಆ ಬೇಲಿಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸಂದರ್ಭವೇ ಹಾಕುತ್ತದೆ, ಕೇಳುವವರು ತಮಗರಿವಿಲ್ಲದೆಯೇ ಅದರೊಳಗೆ ಲೆಕ್ಕ ಹಾಕುತ್ತಾರೆ. ಭೂಮಿಯ ಮೇಲಿನ ಸಮಸ್ತರನ್ನೂ ಒಳಗೊಳ್ಳುವ ‘ಎಲ್ಲರೂ’ ಸಿಗುವುದು ಧರ್ಮಗ್ರಂಥಗಳಲ್ಲಿ, ಸಂವಿಧಾನಗಳಲ್ಲಿ, ತರ್ಕಶಾಸ್ತ್ರದ ಪಠ್ಯಗಳಲ್ಲಿ. ಕಾಫಿ ಕುಡಿಯುವಾಗಿನ ಮಾತಿನಲ್ಲಿ ಸಿಗುವುದಿಲ್ಲ.

ಬಾಲಂಗೋಚಿ ಮಾಡುವುದು ಈ ಬೇಲಿಯನ್ನು ಕೀಳುವ ಕೆಲಸ. ಒಂದು ಔತಣಕ್ಕೆ ‘ಎಲ್ಲರೂ ಬಂದಿದ್ದರು’ ಎಂದರೆ ಕರೆದವರೆಲ್ಲ ಬಂದಿದ್ದರು ಎಂದಾಯಿತು. ‘ಎಲ್ಲರೂ ಅವರ ತಮ್ಮಂದಿರೂ ಬಂದಿದ್ದರು’ ಎಂದರೆ ಕರೆಯದವರೂ ಬಂದಿದ್ದರು, ಅವರ ಹಿಂದೆ ಇನ್ನೊಬ್ಬರೂ ಬಂದಿದ್ದರು. ‘ಎನಿ’ ಎಂಬ ಪುಟ್ಟ ಇಂಗ್ಲಿಷ್ ಪದವೂ ಇಂಥದೇ ಕೆಲಸ ಮಾಡುತ್ತದೆ ಎಂದು ನಿರಿತ್ ಕಾಡ್ಮನ್ ಮತ್ತು ಫ್ರೆಡ್ ಲ್ಯಾಂಡ್ಮನ್ ಎಂಬ ಭಾಷಾವಿಜ್ಞಾನಿಗಳು 1993ರಲ್ಲಿ ವಾದಿಸಿದ್ದರು. ಪದದ ವ್ಯಾಪ್ತಿಯನ್ನು ಮಾಮೂಲಿನಾಚೆಗೆ ಹಿಗ್ಗಿಸುವುದೇ ಅದರ ಕೆಲಸ ಎಂಬುದು ಅವರ ಮಾತಿನ ತಿರುಳು. ಕನ್ನಡದಲ್ಲಿ ಇದನ್ನು ಕಾಣಬೇಕಾದರೆ ತರಕಾರಿ ಬುಟ್ಟಿಯವರೆಗೆ ಹೋದರೆ ಸಾಕು. “ಮನೆಯಲ್ಲಿ ಈರುಳ್ಳಿ ಇಲ್ಲ” ಎಂದರೆ ಅಡುಗೆಗೆ ಬರುವಂಥ ಈರುಳ್ಳಿ ಇಲ್ಲ ಎಂದರ್ಥ, ಬುಟ್ಟಿಯ ತಳದಲ್ಲಿ ಮೊಳೆತದ್ದೊಂದು ಬಿದ್ದಿರಬಹುದು. “ಒಂದೇ ಒಂದು ಈರುಳ್ಳಿಯೂ ಇಲ್ಲ” ಎಂದರೆ ಆ ಮೊಳೆತದ್ದೂ ಇಲ್ಲ.

ಇಲ್ಲಿಗೆ ಮುಗಿದಿದ್ದರೆ ಈ ನುಡಿಗಟ್ಟಿನ ಅರ್ಥ ‘ನಿಜವಾಗಿಯೂ ಪ್ರತಿಯೊಬ್ಬರೂ’ ಎಂದಾಗಬೇಕಿತ್ತು. ಹಾಗಾಗುವುದಿಲ್ಲ, ಸ್ವಾರಸ್ಯ ಇರುವುದೂ ಇಲ್ಲೇ. ‘ಎಲ್ಲರೂ’ ಎಂಬುದರಲ್ಲಿ ತಮ್ಮನೂ ಸೇರಿದ್ದಾನೆ, ಹೆಂಡತಿಯೂ ಸೇರಿದ್ದಾಳೆ. ಅವರನ್ನು ಮತ್ತೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ತತ್ತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ವಿವರಿಸಿದಂತೆ, ಮಾತನಾಡುವವರು ಬೇಕಾದಷ್ಟನ್ನೇ ಹೇಳುತ್ತಾರೆ ಎಂದು ನಾವು ನಂಬಿರುತ್ತೇವೆ. ಯಾರಾದರೂ ಕಣ್ಣಿಗೆ ರಾಚುವಂತೆ ಬೇಕಾದ್ದಕ್ಕಿಂತ ಹೆಚ್ಚು ಹೇಳಿದರೆ, ಇದರ ಹಿಂದೆ ಏನೋ ಇರಬೇಕು ಎಂದು ಅರ್ಥವನ್ನು ಬೇರೆಲ್ಲೋ ಹುಡುಕುತ್ತೇವೆ. ನಾಯಿ ಕಂಡೊಡನೆ ಕೇಳುಗ ಎಣಿಕೆ ಕೈಬಿಡುತ್ತಾನೆ. ಇವರು ಸಂಖ್ಯೆ ಹೇಳುತ್ತಿಲ್ಲ, ಜಾಸ್ತಿಯಾಯಿತು ಎನ್ನುತ್ತಿದ್ದಾರೆ ಎಂದು ಅವನಿಗೆ ಹೊಳೆಯುತ್ತದೆ. ಎಲ್ಲರ ಮೇಲೆ ಒಬ್ಬರನ್ನು ಸೇರಿಸಿದ್ದರಿಂದಲೇ ಮೊತ್ತ ಎಲ್ಲರಿಗಿಂತ ಕೊಂಚ ಕಡಿಮೆಯಾಗುವ ವಿಚಿತ್ರ ಗಣಿತ ಇದು.

ಜಾಸ್ತಿಯಾಯಿತು ಎನ್ನುವಲ್ಲಿ ಒಂದು ಗೊಣಗಾಟವೂ ಇದೆ. ಭಾನುವಾರ ಸಮುದ್ರತೀರಕ್ಕೆ ಹೋಗಿ ಕಾರು ನಿಲ್ಲಿಸಲು ಜಾಗ ಸಿಗದೆ ಹಿಂತಿರುಗಿದ ಅಮೆರಿಕನ್ನನ ಬಾಯಲ್ಲಿ ಬರುವುದು ಈ ಮಾತೇ. ತಾನೂ ಆ ಜಂಗುಳಿಯ ಒಂದು ತಲೆ ಎಂಬುದು ಅವನಿಗೆ ನೆನಪಿರುವುದಿಲ್ಲ. ತನಗೆ ಮೀಸಲು ಎಂದುಕೊಂಡದ್ದರಲ್ಲಿ ಬೇರೆಯವರೂ ಪಾಲು ಕೇಳಿದಾಗ ಹುಟ್ಟುವ ಸಣ್ಣ ಅಸಮಾಧಾನವೇ ಈ ನುಡಿಗಟ್ಟಿನ ತವರು.

ತವರು ಎಂದಮೇಲೆ ಊರಿನ ವಿಷಯಕ್ಕೂ ಬರಬೇಕು. 1738ರಲ್ಲಿ ಜೊನಾಥನ್ ಸ್ವಿಫ್ಟ್ ‘ಸೈಮನ್ ವ್ಯಾಗ್‌ಸ್ಟಾಫ್’ ಎಂಬ ಸುಳ್ಳು ಹೆಸರಿನಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಸಭ್ಯರ ಮನೆಗಳಲ್ಲಿ ನಡೆಯುವ ಹರಟೆಗಳ ಸಂಗ್ರಹ ಅದು. ದೊಡ್ಡ ಮನುಷ್ಯರು ಊಟದ ಮೇಜಿನಲ್ಲಿ, ಚಹಾದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಎಸೆಯುವ ಸವಕಲು ಮಾತುಗಳನ್ನೇ ಪೋಣಿಸಿ ಮೂರು ಸಂಭಾಷಣೆಗಳನ್ನಾಗಿ ಮಾಡಿದ್ದಾನೆ. ಅದರಲ್ಲೊಂದು ಕಡೆ, ಅಲ್ಲಿ ಯಾರು ಯಾರು ಇದ್ದರು ಎಂಬ ಪ್ರಶ್ನೆಗೆ ಬರುವ ಉತ್ತರ: ಇಡೀ ಜಗತ್ತು ಇತ್ತು, ಜೊತೆಗೆ ಅವನ ಹೆಂಡತಿಯೂ. ಇದನ್ನು ಸ್ವಿಫ್ಟ್‌ನೇ ಕಟ್ಟಿದ ಚಮತ್ಕಾರ ಎಂದುಕೊಳ್ಳುವವರಿದ್ದಾರೆ. ಆದರೆ ಪುಸ್ತಕದ ಗುರಿಯೇ ಸವಕಲು ಮಾತುಗಳ ಅಣಕ. ತನ್ನ ಸಂಗ್ರಹದಲ್ಲಿ ಕನಿಷ್ಠ ನೂರು ವರ್ಷಗಳ ಮನ್ನಣೆ ಪಡೆಯದ ಒಂದೂ ಮಾತಿಲ್ಲ ಎಂದು ವ್ಯಾಗ್‌ಸ್ಟಾಫ್ ಮುನ್ನುಡಿಯಲ್ಲಿ ಜಂಬ ಕೊಚ್ಚಿಕೊಳ್ಳುತ್ತಾನೆ. ಆ ಜಂಬವನ್ನು ಪೂರ್ತಿ ನಂಬಬೇಕಿಲ್ಲ, ಅದೂ ಹಾಸ್ಯದ ಭಾಗವೇ. ಆದರೂ 1738ರ ಹೊತ್ತಿಗೆ ಈ ಮಾತು ಕೇಳಿ ಕೇಳಿ ಬೇಸರ ಬರುವಷ್ಟು ಹಳತಾಗಿತ್ತು ಎಂದು ಧಾರಾಳವಾಗಿ ಊಹಿಸಬಹುದು.

ಹಾಸ್ಯದ ಕೀಲಿ ಇರುವುದು ‘ಜಗತ್ತು’ ಎಂಬಲ್ಲಿ. ಆ ಕಾಲದ ಇಂಗ್ಲಿಷ್ ಮೇಲ್ವರ್ಗದವರಿಗೆ ‘ಜಗತ್ತು’ ಎಂದರೆ ಭೂಗೋಳವಲ್ಲ. ತಮ್ಮಂಥವರ ವಲಯ, ನೃತ್ಯಕೂಟಕ್ಕೆ ಕರೆಸಿಕೊಳ್ಳುವ ಯೋಗ್ಯತೆ ಉಳ್ಳವರ ವಲಯ. ಇನ್ನೂರು ಮನೆತನಗಳನ್ನು ಜಗತ್ತು ಎಂದು ಕರೆದುಕೊಳ್ಳುವವರ ಮಾತಿಗೆ ‘ಅವನ ಹೆಂಡತಿಯೂ’ ಎಂದು ಬಾಲ ಕಟ್ಟಿದರೆ ಆ ಭವ್ಯ ಜಗತ್ತು ತಟ್ಟನೆ ಒಬ್ಬ ಸಾಮಾನ್ಯ ಗೃಹಸ್ಥನಾಗಿಬಿಡುತ್ತದೆ. ಹೆಂಡತಿಯ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತ, ಕೊಂಚ ದಪ್ಪನೆಯ ಗೃಹಸ್ಥ.

1766ರಲ್ಲಿ ಕ್ರಿಸ್ಟೋಫರ್ ಆನ್ಸ್ಟಿ ಬಾತ್ ನಗರದ ಬಗ್ಗೆ ಬರೆದ ವಿಡಂಬನ ಕಾವ್ಯದಲ್ಲಿಯೂ ಈ ದಂಪತಿಗಳು ಹಾಜರಿದ್ದಾರೆ. ಬಿಸಿನೀರಿನ ಬುಗ್ಗೆಗಳಿರುವ ಬಾತ್‌ಗೆ ಆರೋಗ್ಯದ ನೆಪದಲ್ಲಿ ಎಲ್ಲರೂ ಹೋಗುತ್ತಿದ್ದರು, ಗಂಡು ಹುಡುಕಲು, ಜೂಜಾಡಲು, ಕಾಣಿಸಿಕೊಳ್ಳಲು. ಹಳೆಯ ಜಮೀನ್ದಾರಿ ಮನೆತನದವರೂ ನಿನ್ನೆ ಮೊನ್ನೆ ದುಡ್ಡು ಕಂಡ ವ್ಯಾಪಾರಿಗಳೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಾದ ಊರು ಅದು. ಆನ್ಸ್ಟಿಯ ಪದ್ಯದಲ್ಲಿ ಒಬ್ಬ ಆತಿಥೇಯನ ವರ್ಣನೆ ಬರುತ್ತದೆ. ಕಾಫಿ, ಟೀ, ಚಾಕೊಲೇಟ್, ಬೆಣ್ಣೆ, ಟೋಸ್ಟು ಎಲ್ಲವನ್ನೂ ಹರಡಿಕೊಂಡು ಆತ ಜಗತ್ತನ್ನೂ ಅವನ ಹೆಂಡತಿಯನ್ನೂ ಒಟ್ಟಿಗೇ ಬರಮಾಡಿಕೊಳ್ಳುತ್ತಾನೆ, ಜನ್ಮದಲ್ಲಿ ಮುಖ ನೋಡಿರದವರೊಡನೆಯೂ ಎಷ್ಟು ವಿನಯದಿಂದ ನಡೆದುಕೊಳ್ಳುತ್ತಾನೆ! ಹೊಗಳಿಕೆಯಂತೆ ಕಾಣುವ ಈ ಸಾಲುಗಳ ಹಿಂದೆ ‘ಯಾರನ್ನು ಬೇಕಾದರೂ ಒಳಗೆ ಬಿಡುತ್ತಾನೆ’ ಎಂಬ ಕೊಂಕು ಅಡಗಿದೆ.

ಹೆಂಡತಿ ಬಾಲವಾದದ್ದರ ಬಗ್ಗೆ ಇಂದಿನ ಓದುಗರು ಹುಬ್ಬೇರಿಸುತ್ತಾರೆ, ಏರಿಸಬೇಕಾದ್ದೇ. ಜಗತ್ತೆಂದರೆ ಗಂಡಸು, ಹೆಂಗಸು ಅವನ ಜೊತೆಗೆ ಬಂದವಳು ಎಂಬ ಗ್ರಹಿಕೆ ಇಲ್ಲದೆ ಈ ಜೋಕು ಹುಟ್ಟುತ್ತಲೇ ಇರಲಿಲ್ಲ. 1850ರಲ್ಲಿ ಬ್ರಿಟಿಷ್ ಸಂಸತ್ತು ಕಾಯ್ದೆಗಳ ಭಾಷೆಯನ್ನು ಚಿಕ್ಕದಾಗಿಸಲು ಒಂದು ಕಾನೂನು ತಂದು, ಪುಲ್ಲಿಂಗದ ಪದಗಳಲ್ಲಿ ಸ್ತ್ರೀಯರೂ ಸೇರಿದ್ದಾರೆಂದು ತಿಳಿಯತಕ್ಕದ್ದು ಎಂದು ವಿಧಿಸಿತು. ಅದೇ ಸೂತ್ರ ನಮ್ಮ 1897ರ ಜನರಲ್ ಕ್ಲಾಸಸ್ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಇಂದಿಗೂ ಇದೆ. ಕಾನೂನಿನ ಪ್ರಕಾರ ‘ಅವನು’ ಎಂಬುದರೊಳಗೆ ಹೆಂಡತಿ ಅಡಗಿದ್ದಾಳೆ, ನುಡಿಗಟ್ಟಿನ ಪ್ರಕಾರ ಅವಳನ್ನು ಬೇರೆಯಾಗಿ ಕೂಗಿ ಕರೆಯಬೇಕು. ಎರಡರಲ್ಲಿ ಯಾವುದು ಅವಳಿಗೆ ಹೆಚ್ಚು ಗೌರವ ಎಂದು ನನಗೆ ಇನ್ನೂ ತೀರ್ಮಾನಿಸಲಾಗಿಲ್ಲ.

ಈ ಕುಟುಂಬದಲ್ಲಿ ನನಗೆ ಅತ್ಯಂತ ಪ್ರಿಯನಾದವನು ಡೆವನ್ ಪ್ರಾಂತ್ಯದ ಒಬ್ಬ ಮುದುಕ. ಉದ್ದನೆಯ ಹೆಸರುಪಟ್ಟಿಯನ್ನು ಓದಿ ಸುಸ್ತಾದ ಬ್ರಿಟಿಷರು ಕೊನೆಗೆ ‘ಅಂಕಲ್ ಟಾಮ್ ಕಾಬ್ಲಿ ಆಂಡ್ ಆಲ್’ ಎಂದು ಮುಗಿಸುತ್ತಾರೆ. ಸಮಿತಿಯಲ್ಲಿ ಮಂತ್ರಿ ಇದ್ದರು, ಕಾರ್ಯದರ್ಶಿ ಇದ್ದರು, ಮೂರು ಇಲಾಖೆಯವರಿದ್ದರು, ಟಾಮ್ ಕಾಬ್ಲಿ ಮಾವನೂ ಇದ್ದ ಎಂಬ ಧಾಟಿ. ಈ ಮಾವ ಬಂದದ್ದು ಡಾರ್ಟ್‌ಮೂರ್ ಬಯಲಿನ ವಿಡಿಕೂಮ್ ಎಂಬ ಹಳ್ಳಿಯ ಜಾತ್ರೆಯನ್ನು ಕುರಿತ ಜನಪದ ಗೀತೆಯಿಂದ. ಲ್ಯೂ ಟ್ರೆಂಚರ್ಡ್‌ನ ಪಾದ್ರಿ ಸಬೀನ್ ಬೇರಿಂಗ್-ಗೋಲ್ಡ್ ಆ ಸೀಮೆಯ ಹಾಡುಗಳನ್ನು ಸಂಗ್ರಹಿಸಿ 1889ರಿಂದ 1891ರವರೆಗೆ ಬಿಡಿಬಿಡಿಯಾಗಿ ಅಚ್ಚು ಹಾಕಿಸಿದಾಗ ಈ ಹಾಡು ನಾಡೆಲ್ಲ ಹಬ್ಬಿತು.

ಕಥೆ ಇಷ್ಟೇ. ಒಬ್ಬಾತ, ಟಾಮ್ ಪಿಯರ್ಸ್ ಎಂಬವನ ಬಳಿ ಬಂದು, ಜಾತ್ರೆಗೆ ಹೋಗಬೇಕು, ನಿನ್ನ ಬೂದು ಕುದುರೆಯನ್ನು ಕೊಡು ಎನ್ನುತ್ತಾನೆ. ಜೊತೆಗೆ ಯಾರು ಬರುತ್ತಾರೆ ಎಂಬುದನ್ನು ಪಲ್ಲವಿಯಲ್ಲಿ ಹೇಳುತ್ತಾನೆ: ಬಿಲ್ ಬ್ರೂವರ್, ಜ್ಯಾನ್ ಸ್ಟೂವರ್, ಪೀಟರ್ ಗರ್ನಿ, ಪೀಟರ್ ಡೇವಿ, ಡ್ಯಾನಿಯಲ್ ವಿಡ್ಡನ್, ಹ್ಯಾರಿ ಹಾಕ್, ಮುದಿ ಟಾಮ್ ಕಾಬ್ಲಿ ಮಾವ, ‘ಮತ್ತೆಲ್ಲರೂ’. ಕುದುರೆ ಒಂದೇ. ಹೋದ ಕುದುರೆ ಹೇಳಿದ ದಿನಕ್ಕೆ ಹಿಂತಿರುಗುವುದಿಲ್ಲ. ಪಿಯರ್ಸ್ ಗುಡ್ಡ ಹತ್ತಿ ನೋಡಿದರೆ ಪಾಪದ ಮುದಿ ಪ್ರಾಣಿ ಕೆಳಗೆ ಕುಳಿತು ತನ್ನ ಉಯಿಲು ಬರೆಯುತ್ತಿದೆ! ಆಮೇಲೆ ಸಾಯುತ್ತದೆ, ಬಿರುಗಾಳಿಯ ರಾತ್ರಿಗಳಲ್ಲಿ ಅದರ ದೆವ್ವ ಬಯಲಿನಲ್ಲಿ ಮೂಳೆ ಕಟಕಟಿಸುತ್ತ ಓಡಾಡುತ್ತದೆ. ಪ್ರತಿ ಚರಣದ ಕೊನೆಗೂ, ಸಾವಿನ ಚರಣದಲ್ಲೂ, ಆ ಏಳು ಹೆಸರುಗಳನ್ನು ಹಾಡುಗಾರ ಒಂದೇ ಉಸಿರಿನಲ್ಲಿ ಉದುರಿಸಲೇಬೇಕು. ಕೇಳುಗರು ನಗುವುದು ಆ ಉಬ್ಬಸಕ್ಕೆ. ಏಳನೆಯವನ ಹೊತ್ತಿಗೆ ಉಳಿದವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಹಾಗಾಗಿ ಭಾಷೆಯಲ್ಲಿ ಉಳಿದುಕೊಂಡವನು ಕಾಬ್ಲಿ ಮಾವನೊಬ್ಬನೇ. ಡೆವನ್‌ನ ಸ್ಪ್ರೇಟನ್ ಹಳ್ಳಿಯವರು ಆತ ನಮ್ಮೂರಿನವನೇ ಎನ್ನುತ್ತಾರೆ, ಅಲ್ಲಿನ ಪಬ್ಬಿಗೂ ಅವನದೇ ಹೆಸರು. ವಿಡಿಕೂಮ್‌ನ ಜಾತ್ರೆ ಸೆಪ್ಟೆಂಬರಿನ ಎರಡನೇ ಮಂಗಳವಾರ ಈಗಲೂ ನಡೆಯುತ್ತದೆ.

ಟಾಮ್ ಎಂಬ ಹೆಸರು ಬಂತೆಂದರೆ ಹಿಂದೆಯೇ ಡಿಕ್ ಮತ್ತು ಹ್ಯಾರಿ ಬರಬೇಕು. ಭಾರತದ ಇಂಗ್ಲಿಷಿನಲ್ಲಿ ಇವರಿಗಿರುವ ಚಲಾವಣೆ ನಾಯಿಗೂ ಇಲ್ಲ, ಹೆಂಡತಿಗೂ ಇಲ್ಲ. ಆದರೆ ಇವರದು ಬೇರೆಯೇ ಜಾಯಮಾನ. ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ಯ ಮೊದಲ ಭಾಗದಲ್ಲಿ ರಾಜಕುಮಾರ, ಹೆಂಡದಂಗಡಿಯ ಮಾಣಿಗಳನ್ನೆಲ್ಲ ತಾನು ಹೆಸರು ಹಿಡಿದೇ ಕರೆಯಬಲ್ಲೆ ಎಂದು ಕೊಚ್ಚಿಕೊಳ್ಳುತ್ತ ಟಾಮ್, ಡಿಕ್, ಫ್ರಾನ್ಸಿಸ್ ಎನ್ನುತ್ತಾನೆ. ಫ್ರಾನ್ಸಿಸ್ ಹೋಗಿ ಹ್ಯಾರಿ ಬಂದದ್ದು ಆಮೇಲಿನ ಮಾತು. ರಾಜಕುಮಾರನ ಬಾಯಿಂದ ಬಂದಾಗಲೇ ಆ ಹೆಸರುಗಳಲ್ಲಿ ಮೇಲಿನವನು ಕೆಳಗೆ ನೋಡುವ ನೋಟ ಇತ್ತು. ‘ಎವ್ರಿಒನ್ ಆಂಡ್ ಹಿಸ್ ಬ್ರದರ್’ ಎಷ್ಟು ಜನ ಎಂದು ಗೊಣಗುತ್ತದೆ, ‘ಎವ್ರಿ ಟಾಮ್, ಡಿಕ್ ಆಂಡ್ ಹ್ಯಾರಿ’ ಎಂಥ ಜನ ಎಂದು ಮೂಗು ಮುರಿಯುತ್ತದೆ.

ಈ ಮೂವರಿಗೂ ಒಮ್ಮೆ ಮಾತ್ರ ಘನತೆಯ ಕೆಲಸ ಸಿಕ್ಕಿತು. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸ್ಟಾಲಾಗ್ ಲುಫ್ಟ್ 3 ಎಂಬ ಸೆರೆಶಿಬಿರದಲ್ಲಿದ್ದ ಮಿತ್ರಪಡೆಯ ವಿಮಾನದಳದವರು ತಪ್ಪಿಸಿಕೊಳ್ಳಲು ಮೂರು ಸುರಂಗಗಳನ್ನು ತೋಡಿದರು. ‘ಸುರಂಗ’ ಎಂಬ ಪದವನ್ನೇ ಯಾರೂ ಎತ್ತಕೂಡದು ಎಂದು ಅವುಗಳಿಗೆ ಟಾಮ್, ಡಿಕ್, ಹ್ಯಾರಿ ಎಂದು ಹೆಸರಿಟ್ಟರು. ಪಹರೆಯವನ ಕಿವಿಗೆ ಬಿದ್ದರೂ ಅನುಮಾನ ಹುಟ್ಟಿಸದಷ್ಟು ಸಾಧಾರಣ ಹೆಸರುಗಳು. 1944ರ ಮಾರ್ಚ್ 24ರ ರಾತ್ರಿ ಹ್ಯಾರಿಯ ಮೂಲಕ 76 ಮಂದಿ ಹೊರಬಿದ್ದರು. ಮೂವರಷ್ಟೇ ಪಾರಾದರು. ಮತ್ತೆ ಸಿಕ್ಕಿಬಿದ್ದವರಲ್ಲಿ 50 ಮಂದಿಯನ್ನು ಹಿಟ್ಲರನ ಆಜ್ಞೆಯಂತೆ ಗುಂಡಿಟ್ಟು ಕೊಂದರು.

ಸಾಮಾನ್ಯ ಹೆಸರುಗಳನ್ನು ಪೋಣಿಸಿ ‘ಯಾರ‍್ಯಾರೋ’ ಎನ್ನುವ ಚಾಳಿ ಇಂಗ್ಲಿಷಿನವರದು ಮಾತ್ರವಲ್ಲ. ಜರ್ಮನರಿಗೆ ಹಿಂಟ್ಸ್ ಮತ್ತು ಕುಂಟ್ಸ್ ಇದ್ದಾರೆ, ಹೈನ್‌ರಿಷ್ ಮತ್ತು ಕೊನ್ರಾಡ್ ಎಂಬ ಹೆಸರುಗಳ ಮೊಟಕು ರೂಪಗಳು. ತಮಿಳರಿಗೆ ಕುಪ್ಪನ್ ಸುಪ್ಪನ್, ಹಿಂದಿಯವರಿಗೆ ಐರಾ ಗೈರಾ ನತ್ಥೂ ಖೈರಾ. ನಮಗೆ ದಾರಿಯಲ್ಲಿ ಹೋಗುವ ದಾಸಯ್ಯ. ಡೇನಿಷ್ ಭಾಷೆಯಲ್ಲಿ ‘ದೇವರು ಮತ್ತು ಪ್ರತಿಯೊಬ್ಬರು’ ಎನ್ನುತ್ತಾರೆ. ಅಮೆರಿಕದ ದಕ್ಷಿಣದವರೂ ನಾಲ್ಕು ಜನರೆದುರು ಮಾನ ಹೋದಾಗ ‘ಇನ್ ಫ್ರಂಟ್ ಆಫ್ ಗಾಡ್ ಆಂಡ್ ಎವ್ರಿಬಡಿ’ ಎನ್ನುತ್ತಾರೆ. ಅಲ್ಲಿ ದೇವರು ಬಾಲದಲ್ಲಿಲ್ಲ, ತಲೆಯಲ್ಲೇ ಇದ್ದಾನೆ.

ನಾಯಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ‘ಪ್ರತಿಯೊಬ್ಬನೂ ಅವನ ನಾಯಿಯೂ’ ಎಂದರೆ ಕಿಕ್ಕಿರಿದ ಜನ. ಆದರೆ ಬ್ರಿಟಿಷರು ‘ಟೂ ಮೆನ್ ಆಂಡ್ ಎ ಡಾಗ್’ ಎಂದರೆ ಸಭಾಂಗಣ ಭಣಭಣ, ಇಬ್ಬರು ಮನುಷ್ಯರು ಮತ್ತು ಒಂದು ನಾಯಿ ಬಿಟ್ಟು ನರಪಿಳ್ಳೆಯೂ ಇರಲಿಲ್ಲ ಎಂದರ್ಥ. ನಾಯಿಗೆ ಸ್ವಂತ ತೂಕವಿಲ್ಲ, ಮುಂದೆ ಇರುವ ಪದವನ್ನು ಅದು ಇನ್ನಷ್ಟು ದೂರ ಎಳೆಯುತ್ತದೆ ಅಷ್ಟೇ.

ಕನ್ನಡಕ್ಕೆ ತರುವಾಗ ಬಾಲವನ್ನು ಹಾಗೆಯೇ ತಂದರೆ ಕೆಡುತ್ತದೆ. ‘ಜಗತ್ತು ಮತ್ತು ಅವನ ಹೆಂಡತಿ’ ಎಂದರೆ ನಮ್ಮ ಓದುಗ ಕಕ್ಕಾಬಿಕ್ಕಿ. ನಮ್ಮಲ್ಲಿ ಭೂಮಿಯೇ ಹೆಂಡತಿ, ರಾಜ ಅವಳಿಗೆ ಪತಿ, ಅದಕ್ಕೇ ಅವನು ಭೂಪತಿ. ನಾವು ಬಾಲ ಕಟ್ಟುವುದಕ್ಕಿಂತ ಇದ್ದ ಪದವನ್ನೇ ಇಮ್ಮಡಿಸುತ್ತೇವೆ: ಊರಿಗೆ ಊರೇ ಸೇರಿತ್ತು, ಮನೆಗೆ ಮನೆಯೇ ಎದ್ದು ನಿಂತಿತ್ತು. ಆದರೆ ‘ಊರಿಗೆ ಊರೇ’ ಎನ್ನುವಾಗ ಗೊಣಗಾಟಕ್ಕಿಂತ ಬೆರಗು ಹೆಚ್ಚು, ಆದ್ದರಿಂದ ಕಿರಿಕಿರಿ ಇರುವಲ್ಲಿ ‘ಕಂಡಕಂಡವರೆಲ್ಲ’ ಎಂಬುದೇ ಸರಿ. ಟಾಮ್-ಡಿಕ್-ಹ್ಯಾರಿಯ ತಾತ್ಸಾರಕ್ಕೆ ‘ಹಾದಿಬೀದಿಯವರೆಲ್ಲ’ ಹೊಂದುತ್ತದೆ. ‘ಆಬಾಲವೃದ್ಧರು’ ಎಂಬುದನ್ನು ಪತ್ರಿಕೆಯ ವರದಿಗಾರರಿಗೇ ಬಿಟ್ಟುಬಿಡಬಹುದು.

ನಮ್ಮಲ್ಲೂ ಹೆಂಡತಿ ಮಕ್ಕಳು ಬಾಲವಾಗಿ ಬರುವ ಒಂದು ಜಾಗ ಇದೆ, ಮದುವೆಯ ಆಮಂತ್ರಣ ಪತ್ರಿಕೆ. ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಎಂದು ಬೇಡಿಕೊಳ್ಳುತ್ತೇವೆ. ‘ಸ’ ಎಂದರೂ ಜೊತೆ, ‘ಸಮೇತ’ ಎಂದರೂ ಜೊತೆ, ಹೀಗೆ ಮೂರು ಬಾರಿ ಜೊತೆಗೂಡಿಸಿದರೂ ನಮಗೆ ಸಮಾಧಾನವಿಲ್ಲ. ಇಂಗ್ಲಿಷಿನವರು ಕರೆಯದೆ ಬಂದ ಹೆಂಡತಿಯನ್ನು ಕಂಡು ಗೊಣಗಿದ್ದರೆ, ನಾವು ಅವಳು ಬಾರದೆ ಇದ್ದರೆ ಬೇಸರಪಟ್ಟುಕೊಳ್ಳುತ್ತೇವೆ. ಇಂಥ ನಾಡಿನಲ್ಲಿ ‘ವರ್ಲ್ಡ್ ಆಂಡ್ ಹಿಸ್ ವೈಫ್’ ಜೋಕು ಬೇರು ಬಿಡದಿರುವುದರಲ್ಲಿ ಆಶ್ಚರ್ಯವಿಲ್ಲ.

ಇಂಗ್ಲಿಷಿನಲ್ಲೇ ಬಳಸುವವರಿಗೆ ಕೆಲವು ಮಾತು. ಮನುಷ್ಯರೆಲ್ಲರೂ ಒಂದು ದಿನ ಸಾಯುವವರೇ ಎಂಬಂಥ ಅಪವಾದವಿಲ್ಲದ ಸತ್ಯಕ್ಕೆ ಈ ಬಾಲ ಕಟ್ಟಲಾಗದು, ‘ಹೆಚ್ಚುಕಡಿಮೆ’ ಎಂಬ ಸಡಿಲಿಕೆಗೆ ಅಲ್ಲಿ ಜಾಗವಿಲ್ಲ. ಆಜ್ಞೆ, ನಿಯಮಗಳಲ್ಲೂ ಸಲ್ಲದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಅವನ ತಮ್ಮನೂ ಅರ್ಜಿ ಸಲ್ಲಿಸತಕ್ಕದ್ದು ಎಂದರೆ ನಿಜವಾದ ತಮ್ಮಂದಿರು ಕಚೇರಿಯ ಮುಂದೆ ಸಾಲು ನಿಲ್ಲುತ್ತಾರೆ. ಹೆಸರಿಗೆ ಇಬ್ಬರಿದ್ದರೂ ಇಡೀ ಮಾತನ್ನು ಒಂದೇ ಘಟಕವಾಗಿ ಎಣಿಸಿ ಕ್ರಿಯಾಪದವನ್ನು ಏಕವಚನದಲ್ಲಿ, ‘ಈಸ್’ ಅಥವಾ ‘ಹ್ಯಾಸ್’ ಎಂದು ಹಾಕುವುದು ವಾಡಿಕೆ. ‘ಹಿಸ್’ ಎಂಬಲ್ಲಿ ‘ದೇರ್’ ಹಾಕಿದರೆ ಯಾರೂ ತಪ್ಪು ಹಿಡಿಯುವುದಿಲ್ಲ. ‘ಎವ್ರಿಬಡಿ’ಯ ಜೊತೆ ‘ದೇರ್’ ಬಳಸುವುದು ಹೊಸ ಕಾಲದ ಫ್ಯಾಷನ್ ಎನ್ನುವವರಿಗೆ ಜೇನ್ ಆಸ್ಟೆನ್ ಇನ್ನೂರು ವರ್ಷಗಳ ಹಿಂದೆಯೇ ಹಾಗೆ ಬರೆದಿದ್ದಾಳೆ ಎಂದು ತೋರಿಸಬಹುದು.

ಇನ್ನು ಬೆಂಗಳೂರಿನ ಕಚೇರಿಗಳ ಇಮೇಲ್‌ಗಳಲ್ಲಿ ಆಗಾಗ ಇಣುಕುವ ‘ಈಚ್ ಆಂಡ್ ಎವ್ರಿ ಟಾಮ್, ಡಿಕ್ ಆಂಡ್ ಹ್ಯಾರಿ’. ಅಲ್ಲಿ ‘ಈಚ್ ಆಂಡ್’ ಅನಗತ್ಯ ಎಂಬುದು ಸಣ್ಣ ದೋಷ. ಈ ಕಡತವನ್ನು ಕಂಡಕಂಡವರಿಗೆಲ್ಲ ಕಳುಹಿಸಬೇಡಿ ಎಂಬ ಅರ್ಥದಲ್ಲಿ ಸಹೋದ್ಯೋಗಿಗೆ ಬರೆದ ಆ ಸಾಲು, ಪ್ರತಿ ಪಡೆಯುವವರ ಪಟ್ಟಿಯಲ್ಲಿರುವ ಗ್ರಾಹಕರ ಕಣ್ಣಿಗೂ ಬೀಳುತ್ತದೆ ಎಂಬುದು ದೊಡ್ಡ ದೋಷ.